ಫ್ರೆಂಚಿನ ‘ಸಿ’ಗೆ ಕನ್ನಡದಲ್ಲಿ ಏನೆನ್ನೋಣ?

ಫ್ರೆಂಚ್ ಸಂಭಾಷಣೆಯನ್ನು ಕನ್ನಡಕ್ಕೆ ತರುವವರನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುವ ಪುಟ್ಟ ಪದವೊಂದನ್ನು ಚರ್ಚೆಗೆ ಇಡುತ್ತಿದ್ದೇನೆ: ‘ಸಿ’. ‘ನೀನು ಬರುವುದಿಲ್ಲವೇ?’ ಎಂದು ಒಬ್ಬರು ಕೇಳುತ್ತಾರೆ, ‘ಸಿ’ ಎಂದು ಇನ್ನೊಬ್ಬರು ಉತ್ತರಿಸುತ್ತಾರೆ. ಬರುತ್ತೇನೆ ಎಂದು ಅರ್ಥ. ನಿಘಂಟನ್ನು ನಂಬಿ ಅಲ್ಲಿ ‘ಹೌದು’ ಎಂದು ಬರೆದರೆ ಅರ್ಥ ತಲೆಕೆಳಗಾಗುತ್ತದೆ. ‘ಬರುವುದಿಲ್ಲವೇ?’ ಎಂಬುದಕ್ಕೆ ನಮ್ಮಲ್ಲಿ ‘ಹೌದು’ ಎಂದರೆ ‘ಹೌದು, ಬರುವುದಿಲ್ಲ’ ಎಂದೇ ಅಲ್ಲವೇ ಕೇಳಿದವರು ತಿಳಿಯುವುದು?

ಫ್ರೆಂಚಿನಲ್ಲಿ ಸಾಮಾನ್ಯ ‘ಹೌದು’ಗೆ ‘ವಿ’ ಇದೆ, ‘ಇಲ್ಲ’ಕ್ಕೆ ‘ನೋಂ’ ಇದೆ. ಎದುರಿನವರ ‘ಇಲ್ಲ’ವನ್ನು ಅಲ್ಲಗಳೆಯಲು ಮಾತ್ರ ‘ಸಿ’. ಜರ್ಮನ್ನಿನಲ್ಲಿ ಈ ಕೆಲಸವನ್ನು ‘ದೋಖ್’, ಸ್ವೀಡಿಷ್‌ನಲ್ಲಿ ‘ಯೂ’ ಮಾಡುತ್ತವೆ. ಹಿಂದೆ ಇಂಗ್ಲಿಷಿನಲ್ಲೂ ‘ಯೆಸ್’ ಮತ್ತು ‘ಯೇ’ ಬೇರೆ ಬೇರೆ ಇದ್ದವು. ನಕಾರದ ಪ್ರಶ್ನೆಯನ್ನು ಎದುರಿಸುವ ಪದ ‘ಯೆಸ್’ ಆಗಿತ್ತು. ಅದು ಎಲ್ಲ ಕಡೆಗೂ ಹಬ್ಬಿ ‘ಯೇ’ಯನ್ನು ಬದಿಗೆ ತಳ್ಳಿತು.

ಇಷ್ಟೇ ಆಗಿದ್ದರೆ ತೊಡಕಿರಲಿಲ್ಲ. ಫ್ರೆಂಚಿನ ಅದೇ ‘ಸಿ’ಗೆ ‘ಒಂದು ವೇಳೆ’ ಎಂಬ ಅರ್ಥವೂ ಇದೆ, ‘ಅಷ್ಟು’ ಎಂಬ ಅರ್ಥವೂ ಇದೆ. ‘ಸಿ ಗ್ರಾಂ’ ಎಂದರೆ ‘ಅಷ್ಟು ದೊಡ್ಡ’. ನಮಗೆಲ್ಲ ಗೊತ್ತಿರುವ ‘ಸಿಲ್ ವು ಪ್ಲೆ’ಯಲ್ಲಿ ‘ದಯವಿಟ್ಟು’ ಎಂಬುದಕ್ಕೆ ನೇರವಾದ ಪದ ಯಾವುದೂ ಇಲ್ಲ. ‘ನಿಮಗೆ ಇಷ್ಟವಾದರೆ’ ಎಂಬುದು ಅದರ ಬಿಡಿ ಅರ್ಥ, ಆ ‘ಆದರೆ’ಯೇ ಅಲ್ಲಿನ ‘ಸಿ’.

ಮೂಲಕ್ಕೆ ಹೋದರೆ ಲ್ಯಾಟಿನ್ನಿನಲ್ಲಿ ಇವು ಬೇರೆ ಬೇರೆ ಪದಗಳು. ‘ಸೀಕ್’ ಎಂದರೆ ‘ಹೀಗೆ, ಹಾಗೆ’. ‘ಸೀ’ ಎಂದರೆ ‘ಒಂದು ವೇಳೆ’. ‘ಸೀಕ್’ ತನ್ನ ಕೊನೆಯ ‘ಕ್’ ಕಳೆದುಕೊಂಡಾಗ ಎರಡೂ ಒಂದೇ ಉಚ್ಚಾರಣೆಗೆ ಬಂದು ನಿಂತವು. ಫ್ರೆಂಚ್ ಬರವಣಿಗೆ ಇವನ್ನು ಬೇರ್ಪಡಿಸುವುದಿಲ್ಲ. ಸ್ಪ್ಯಾನಿಷ್ ‘ಹೌದು’ ಎಂಬ ಸಿ ಮೇಲೆ ಒತ್ತುಗುರುತು ಹಾಕಿ, ‘ಒಂದು ವೇಳೆ’ಯನ್ನು ಬರಿದಾಗಿ ಬಿಡುತ್ತದೆ. ಇಟಾಲಿಯನ್ನಿನಲ್ಲಿ ‘ಒಂದು ವೇಳೆ’ ‘ಸೆ’ ಎಂದಾಯಿತು. ಆದರೆ ‘ತಾನು, ತನ್ನನ್ನು’ ಎಂಬ ಇನ್ನೊಂದು ಲ್ಯಾಟಿನ್ ಪದ ಅಲ್ಲಿ ‘ಸಿ’ ಆಗಿ ಕುಳಿತಿದೆ. ಅಂಗಡಿಯ ಬಾಗಿಲಲ್ಲಿ ‘ಸಿ ಪಾರ್ಲ ಇಟಾಲಿಯಾನೊ’ ಎಂದಿದ್ದರೆ ‘ಇಲ್ಲಿ ಇಟಾಲಿಯನ್ ಮಾತನಾಡಲಾಗುತ್ತದೆ’ ಎಂದು ಓದಿಕೊಳ್ಳಬೇಕು. ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸುವುದು ರೊಮೇನಿಯನ್. ಅಲ್ಲಿ ಅದೇ ‘ಸೀಕ್’ ‘ಶಿ’ ಆಗಿ ‘ಮತ್ತು’ ಎಂಬ ಅರ್ಥ ಪಡೆದಿದೆ, ‘ಹೌದು’ಗೆ ‘ದಾ’ ಎನ್ನುತ್ತಾರೆ. ನಾರ್ವೇಜಿಯನ್ನಿನ ‘ಸಿ’ಗೆ ‘ಹೇಳು’ ಎಂದರ್ಥ, ಅದು ಬೇರೆಯೇ ಬಳ್ಳಿ. ಪಾಶ್ಚಾತ್ಯ ಸಂಗೀತದ ಏಳನೆಯ ಸ್ವರ ‘ಸಿ’, ಅಂದರೆ ನಮ್ಮ ನಿಷಾದದ ಜಾಗದ್ದು, ಇದೂ ಈ ಬಳಗಕ್ಕೆ ಸೇರಿದ್ದಲ್ಲ.

‘ಹಾಗೆ’ ಎಂಬ ಪದ ‘ಹೌದು’ ಆದದ್ದೇಕೆ? ಲ್ಯಾಟಿನ್ನಿನಲ್ಲಿ ‘ಹೌದು’ಗೆಂದೇ ಮೀಸಲಾದ ಒಂದು ಪದ ಇರಲಿಲ್ಲ. ಕೇಳಿದ ಕ್ರಿಯಾಪದವನ್ನೇ ತಿರುಗಿ ಹೇಳುತ್ತಿದ್ದರು, ಇಲ್ಲವೇ ‘ಹಾಗೆ’ ಎನ್ನುತ್ತಿದ್ದರು. ದಕ್ಷಿಣ ಫ್ರಾನ್ಸಿನವರು ‘ಇದು’ ಎಂಬರ್ಥದ ‘ಹೋಕ್’ನಿಂದ ‘ಓಕ್’ ಮಾಡಿಕೊಂಡರು, ಉತ್ತರದವರು ‘ಹೋಕ್ ಇಲ್ಲೆ’ಯಿಂದ ‘ಓಯಿಲ್’ ಮಾಡಿಕೊಂಡರು. ಇಂದಿನ ‘ವಿ’ ಬಂದದ್ದು ಆ ‘ಓಯಿಲ್’ನಿಂದ. 14ನೆಯ ಶತಮಾನದ ಆರಂಭದಲ್ಲಿ ಇಟಲಿಯ ಕವಿ ಡಾಂಟೆ ಈ ಎರಡನ್ನೂ ತನ್ನ ಇಟಾಲಿಯನ್ನನ್ನೂ ಓಕ್, ಓಯಿಲ್, ಸಿ ಎಂದು ಅವುಗಳ ‘ಹೌದು’ಗಳಿಂದಲೇ ವಿಂಗಡಿಸಿದ. ಲಾಂಗ್ಡಾಕ್ ಎಂಬ ಪ್ರದೇಶದ ಹೆಸರಿನ ಅರ್ಥವೂ ‘ಓಕ್ ನುಡಿ’ ಎಂದೇ.

ಇಲ್ಲಿ ನಮ್ಮ ಭಾಷೆ ಲ್ಯಾಟಿನ್ನಿಗೆ ತೀರ ಹತ್ತಿರ ಬರುತ್ತದೆ. ‘ಊಟ ಆಯಿತೇ?’ ಎಂದರೆ ‘ಆಯಿತು’ ಎನ್ನುತ್ತೇವೆಯೇ ಹೊರತು ‘ಹೌದು’ ಎನ್ನುವುದಿಲ್ಲ. ‘ಹೌದು’ ಕೂಡ ಹುಟ್ಟಿನಿಂದ ಕ್ರಿಯಾಪದವೇ. ಹಳಗನ್ನಡದ ‘ಅಪ್ಪುದು’ ‘ಅಹುದು’ ಆಗಿ ‘ಹೌದು’ ಆಯಿತು. ‘ಲಿಂಗ ಮೆಚ್ಚಿ ಅಹುದಹುದೆನಬೇಕು’ ಎಂಬ ವಚನದ ಸಾಲಿನಲ್ಲಿ ಅದರ ನಡುವಿನ ರೂಪ ಕಣ್ಣೆದುರೇ ಇದೆ.

ಹಾಗಾಗಿ ಫ್ರೆಂಚಿನ ‘ಸಿ’ಗೆ ಒಂದೇ ಸಮಾನಪದ ಹುಡುಕುವುದನ್ನು ಬಿಟ್ಟು, ಕ್ರಿಯಾಪದದಿಂದಲೇ ಉತ್ತರ ಕೊಡಿಸುವುದು ಸರಿ ಎಂದು ನನ್ನ ಅಭಿಪ್ರಾಯ. ‘ನೀನು ಬರುವುದಿಲ್ಲವೇ?’ ‘ಬರುತ್ತೇನಲ್ಲ!’ ಕೊನೆಯ ಆ ‘ಅಲ್ಲ’ ಎದುರಿನವರ ಊಹೆಯನ್ನು ತಳ್ಳಿಹಾಕುತ್ತದೆ. ಆದರೆ ಅದರಲ್ಲಿ ತುಸು ಆಕ್ಷೇಪದ ದನಿ ಇದೆ, ಫ್ರೆಂಚಿನ ‘ಸಿ’ ಮೆಲ್ಲಗೂ ಬರಬಹುದು. ಮೃದುವಾಗಿ ಹೇಳಬೇಕಾದಲ್ಲಿ ‘ಏಕಿಲ್ಲ’ ಹೊಂದುತ್ತದೆ: ‘ಮನೆಯಲ್ಲಿ ಅಕ್ಕಿ ಇಲ್ಲವೇ?’ ‘ಏಕಿಲ್ಲ, ಇದೆ.’ ‘ಇಲ್ಲ, ಇದೆ’ ಎಂದು ಬರೆಯುವುದನ್ನೂ ಅನುವಾದಗಳಲ್ಲಿ ಕಂಡಿದ್ದೇನೆ. ಮಾತಿನಲ್ಲಿ ಅದು ಸಲೀಸಾಗಿ ಕೇಳಿದರೂ ಅಚ್ಚಿನಲ್ಲಿ ಓದುಗರು ಎಡವುತ್ತಾರೆ.

‘ಏಕಿಲ್ಲ’ವನ್ನು ನಿಮ್ಮ ಕಡೆ ‘ಇದೆ’ಗೆ ಮಾತ್ರ ಬಳಸುತ್ತಾರೆಯೇ, ಅಥವಾ ‘ಬರುವುದಿಲ್ಲವೇ?’, ‘ಕೊಡಲಿಲ್ಲವೇ?’ ಎಂಬಂಥ ಪ್ರಶ್ನೆಗಳಿಗೂ ಅದೊಂದೇ ಉತ್ತರವಾಗಿ ನಿಲ್ಲುತ್ತದೆಯೇ? ಕರಾವಳಿ, ಧಾರವಾಡ, ಕಲಬುರಗಿ ಕಡೆಯವರು ಇದಕ್ಕೆ ಬೇರೆ ಪದ ಬಳಸುವುದಾದರೆ ದಯವಿಟ್ಟು ಪ್ರಶ್ನೆ ಮತ್ತು ಉತ್ತರ ಎರಡನ್ನೂ ಪೂರ್ತಿ ವಾಕ್ಯಗಳಲ್ಲಿ ಬರೆದು ತಿಳಿಸಿ.