ಸಹಾಯ ಬೇಕು: ಬೆಕ್ಕಿನ ಕಿವಿ ತುರಿಕೆಗೆ ಉಡುಪಿ ಕಡೆ ಒಳ್ಳೆ ಡಾಕ್ಟರ್ ಯಾರು?

ಎಲ್ಲರಿಗೂ ನಮಸ್ಕಾರ. ನಾವು ಕಿನ್ನಿಮುಲ್ಕಿಯಲ್ಲಿರುವುದು. ನಮ್ಮ ಬೆಕ್ಕು ಬಲಗಿವಿಯನ್ನು ಕೆರೆದುಕೊಳ್ಳುತ್ತಲೇ ಇದೆ. ತಲೆ ಕೊಡವುತ್ತದೆ, ಒಂದು ಕಡೆಗೆ ವಾಲಿಸಿಕೊಂಡು ಕೂರುತ್ತದೆ. ಕಿವಿಯೊಳಗೆ ಕಾಫಿ ಚರಟದಂಥ ಕಪ್ಪು ಕೊಳೆ, ಸ್ವಲ್ಪ ವಾಸನೆ. ಮುಟ್ಟಿದರೆ ಪರಚುತ್ತದೆ. ಊಟ ಮಾತ್ರ ಬಿಟ್ಟಿಲ್ಲ, ಬಂಗುಡೆ ಕಂಡರೆ ನೋವೆಲ್ಲ ಮಾಯ!

ಕಿವಿ ಹುಳ ಅಂತ ಅನುಮಾನ. ಆದರೆ ಫಂಗಸ್ ಆದರೂ ಹೀಗೇ ಕಾಣಬಹುದು. ಕೊಳೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡದೆ ಸುಮ್ನೆ ಮದ್ದು ಹಾಕೋದು ಸರಿಯಲ್ಲ ಅಲ್ವಾ? ಕಿವಿಯ ತಮಟೆ ಹರಿದಿದ್ದರೆ ಕೆಲವು ಡ್ರಾಪ್ಸ್‌ನಿಂದ ಇನ್ನೂ ಜಾಸ್ತಿ ತೊಂದರೆ. ಹಾಗಾಗಿ ಬಿಸಿ ಎಣ್ಣೆ, ಹೈಡ್ರೋಜನ್ ಪೆರಾಕ್ಸೈಡ್, ಇಯರ್ ಬಡ್ ಸಲಹೆ ದಯವಿಟ್ಟು ಬೇಡ. ನಾಯಿಗೆ ಹಾಕುವ ಪರ್ಮೆಥ್ರಿನ್ ಮದ್ದಂತೂ ಬೆಕ್ಕಿಗೆ ವಿಷ.

ಉಡುಪಿ, ಮಣಿಪಾಲದಲ್ಲಿ ಸಂಜೆ 6ರ ಮೇಲೆ ಸಿಗುವ, ಬೆಕ್ಕುಗಳನ್ನು ನೋಡಿ ಅಭ್ಯಾಸವಿರುವ ಡಾಕ್ಟರ್ ಇದ್ದಾರಾ? ಮಂಗಳೂರಾದರೂ ಪರವಾಗಿಲ್ಲ. ಮನೆಯಲ್ಲಿ ಒಂದು ಮರಿಯೂ ಇದೆ. ಹುಳವಾದರೆ ಅದಕ್ಕೂ ಹರಡುತ್ತದೆ, ಒಟ್ಟಿಗೇ ಮದ್ದು ಮಾಡಿಸಬೇಕು. ಹಾಗೆ ಮಾಡಿಸಿದವರು ಖರ್ಚು ಎಷ್ಟಾಯಿತು, ಗುಣವಾಗಲು ಎಷ್ಟು ದಿನ ಬೇಕಾಯಿತು ಅಂತ ತಿಳಿಸಿ. ಬುಟ್ಟಿಗೆ ಹಾಕಿ ಸ್ಕೂಟರಲ್ಲಿ ಕರೆದೊಯ್ಯುವ ಉಪಾಯ ಗೊತ್ತಿದ್ದರೆ ಅದನ್ನೂ ಹೇಳಿ!