ಐದನೇ ಇನಿಂಗ್ಸ್‌ಗೆ ನಮ್ಮ ಪಿಚರ್ (ಚೆಂಡೆಸೆಯುವವಳು) ಸೋಲುತ್ತಾಳೆ, ಏನು ಮಾಡಲಿ?

ಜಯನಗರದ ಕಾಲೇಜೊಂದರ ಹುಡುಗಿಯರ ಸಾಫ್ಟ್‌ಬಾಲ್ ತಂಡಕ್ಕೆ ತರಬೇತಿ ಕೊಡುತ್ತಿದ್ದೇನೆ. ಅಂತರ ಕಾಲೇಜು ಪಂದ್ಯಗಳು ಹತ್ತಿರ ಬಂದಿವೆ. ನಮ್ಮ ಪಿಚರ್ ಮೊದಮೊದಲು ಎದುರಾಳಿಗಳನ್ನು ತಬ್ಬಿಬ್ಬು ಮಾಡುತ್ತಾಳೆ. ಆಮೇಲೆ ಚೆಂಡು ಎದೆಮಟ್ಟಕ್ಕೆ ಏರತೊಡಗುತ್ತದೆ, ಗುರಿ ತಪ್ಪಿದ ಎಸೆತಗಳಿಂದಾಗಿ ಅವರು ಬ್ಯಾಟ್ ಬೀಸದೆಯೇ ಮೊದಲ ಬೇಸ್ ಸೇರುತ್ತಾರೆ. ಕ್ರಿಕೆಟ್ ಹುಡುಗರು ಬರುವವರೆಗಷ್ಟೇ ನಮಗೆ ಮೈದಾನ ಸಿಗುವುದು. ಅವಳ ಶ್ರಮ ನೋಡಿದರೆ ಕರುಳು ಚುರುಕ್ ಎನ್ನುತ್ತದೆ.

ಉತ್ತರ ೧: ಮೇಡಂ, ಅವಳ ಕೈಯನ್ನಲ್ಲ, ಕಾಲನ್ನು ನೋಡಿ. ದಣಿದಾಗ ಮುಂದಿಡುವ ಹೆಜ್ಜೆ ಚಿಕ್ಕದಾಗುತ್ತದೆ. ತೊಡೆಯ ಪಕ್ಕದಲ್ಲಿ ಬಿಡಬೇಕಾದ ಚೆಂಡನ್ನು ತಡವಾಗಿ ಬಿಟ್ಟರೆ ಮೇಲೇರದೆ ಇನ್ನೇನಾದೀತು? ಹೆಜ್ಜೆ ಬೀಳಬೇಕಾದ ಕಡೆ ಸುಣ್ಣದ ಗೆರೆ ಎಳೆಯಿರಿ. ಇದಕ್ಕೆ ಮೈದಾನವೇ ಬೇಕಿಲ್ಲ, ಪಿಚರ್‌ನಿಂದ ಬ್ಯಾಟರ್‌ವರೆಗಿನ 43 ಅಡಿ ಉದ್ದದ ಜಾಗ, ಹಿಂದೆ ಗಟ್ಟಿ ಗೋಡೆ ಸಾಕು.

ಉತ್ತರ ೨: ಏಳೂ ಇನಿಂಗ್ಸ್ ಒಬ್ಬಳ ಹೆಗಲಿಗೆ ಹೊರಿಸುವುದು ಅನ್ಯಾಯ. ಆರಂಭದಲ್ಲಿ ಆಡಿದವಳು ಹೊರಗೆ ಹೋದರೂ ತನ್ನದೇ ಬ್ಯಾಟಿಂಗ್ ಸ್ಥಾನಕ್ಕೆ ಒಮ್ಮೆ ಮರಳಬಹುದು. ಇನ್ನೊಬ್ಬಳನ್ನು ಈಗಲೇ ತಯಾರು ಮಾಡಿ.

ಮೇಡಂ: ಶಾರ್ಟ್‌ಸ್ಟಾಪ್‌ನಲ್ಲಿ, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ, ಆಡುವ ಹುಡುಗಿಯ ಮಣಿಕಟ್ಟು ಚುರುಕಾಗಿದೆ. ನಾಳೆಯಿಂದಲೇ ಅವಳಿಗೂ ಗೆರೆ ಎಳೆಯುತ್ತೇನೆ.