ಟ್ಯಾಂಕ್ ಕೆಳಗೆ ಪೆಟ್ರೋಲ್ ಒಸರುತ್ತಿದೆ, ಹೊಸ ರಿಂಗ್ ಹಾಕಿದರೂ ನಿಲ್ಲುತ್ತಿಲ್ಲ

ಕಾಪು_ಸವಾರ · ಶುಕ್ರವಾರ ರಾತ್ರಿ 9:52
ಮಂಡೆ ಬಿಸಿಯಾಗಿದೆ. ದಿನಾ ಕಾಪುವಿನಿಂದ ಮಂಗಳೂರಿಗೆ ಕೆಲಸಕ್ಕೆ ಹೋಗುವವನು ನಾನು. ಮೂರು ದಿನದಿಂದ ಗಾಡಿ ನಿಲ್ಲಿಸಿದ ಕಡೆಯೆಲ್ಲ ಪೆಟ್ರೋಲ್ ವಾಸನೆ. ಇವತ್ತು ಮೂಲ್ಕಿ ಹತ್ತಿರ ನಿಲ್ಲಿಸಿ ಬಗ್ಗಿ ನೋಡಿದರೆ ಕ್ವಿಕ್ ಕನೆಕ್ಟರ್ (ಪೆಟ್ರೋಲ್ ಪೈಪನ್ನು ಟ್ಯಾಂಕಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಜೋಡಣೆ) ಪೂರಾ ಒದ್ದೆ. ಅದರೊಳಗೆ ಹೊಸ ರಬ್ಬರ್ ರಿಂಗ್ ಹಾಕಿ ಒಂದು ವಾರ ಕೂಡ ಆಗಿಲ್ಲ! ಶೋರೂಮಲ್ಲಿ ಕೇಳಿದರೆ ರಿಂಗ್ ಮಾತ್ರ ಬರುವುದಿಲ್ಲ, ಪೈಪ್ ಸಮೇತ ಇಡೀ ಸೆಟ್ ತಗೊಳ್ಳಬೇಕು ಅಂತಾರೆ. ಒಂದು ಚೂರು ರಬ್ಬರಿಗೆ ಇಡೀ ಪೈಪಾ? ಎಂತ ಮಾಡುವುದು ಹೇಳಿ.

ಬೋಳಾರದವ · 9:58
ಯಾವ ಗಾಡಿ?

ಇ20_ಬೇಡಪ್ಪ · 10:03
ಯಾವ ಗಾಡಿಯಾದರೇನು, ಇದು ಇ20, ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲಿನ ಕೆಲಸ. 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ಇ20 ಬಿಡುಗಡೆ ಮಾಡಿದಾಗಲೇ ನಾನು ಗೆಳೆಯರಿಗೆ ಹೇಳಿದ್ದೆ, ಮೊದಲು ಹೋಗುವುದು ರಬ್ಬರ್ ಅಂತ. ಎಥನಾಲ್ ರಬ್ಬರನ್ನು ತಿನ್ನುತ್ತದೆ. ಅಷ್ಟೇ ವಿಷಯ.

ಕಾಪು_ಸವಾರ · 10:10
@ಬೋಳಾರದವ ಬಿಎಸ್6 ಗಾಡಿ. ಬೇರೆ ಏನೂ ಚೇಂಜ್ ಮಾಡಿಸಿಲ್ಲ.

ಸ್ಪಾನರ್_ಭಟ್ರು · 10:31
ಮಾರಾಯ್ರೇ, 2020ರ ಏಪ್ರಿಲ್ ನಂತರ ಬಂದದ್ದೆಲ್ಲ ಬಿಎಸ್6. ಮನೆ ಎಲ್ಲಿ ಅಂತ ಕೇಳಿದರೆ ಭಾರತ ಅಂದ ಹಾಗಾಯ್ತು ನಿಮ್ಮದು.

ಮೊದಲು ಗಾಡಿ ಓಡಿಸುವುದು ನಿಲ್ಲಿಸಿ. ಒಸರುವ ಜಾಗದ ಕೆಳಗೇ ಬಿಸಿ ಇಂಜಿನ್ ಉಂಟು. ಆಮೇಲೆ ಇಷ್ಟು ಹೇಳಿ: ಕೀ ಆನ್ ಮಾಡಿದಾಗ ಮಾತ್ರ ಒಸರುವುದಾ, ನಿಂತಾಗಲೂ ಉಂಟಾ? ಟ್ಯಾಂಕ್ ಕಡೆಯ ತುದಿಯಾ, ಇಂಜೆಕ್ಟರ್ ಕಡೆಯದ್ದಾ? ರಿಂಗ್ ಎಲ್ಲಿಂದ ತಂದದ್ದು? ಹಾಕಿದ್ದು ಯಾರು?

ಇ20_ಬೇಡಪ್ಪ · 10:40
ಭಟ್ರೇ, ಇಷ್ಟೆಲ್ಲ ಪ್ರಶ್ನೆ ಯಾಕೆ? ಉತ್ತರ ಪೆಟ್ರೋಲ್ ಬಂಕಲ್ಲೇ ಉಂಟು. ನನ್ನ ಭಾವನ ಸ್ಕೂಟರಿಗೂ ಹೀಗೇ ಆಯ್ತು.

ಆರ್‌ಎಕ್ಸ್_ಅಣ್ಣ · ಶನಿವಾರ ಬೆಳಿಗ್ಗೆ 6:15
ಆ ಪ್ಲಾಸ್ಟಿಕ್ ಕನೆಕ್ಟರನ್ನು ಕಟ್ ಮಾಡಿ ಬಿಸಾಡಿ. ಒಂದು ಗೇಣು ಪೆಟ್ರೋಲ್ ಪೈಪ್ ಹಾಕಿ, ಎರಡು ಕಡೆ ಕ್ಲಿಪ್ ಕಚ್ಚಿಸಿ. ನನ್ನ ಆರ್‌ಎಕ್ಸ್ 100ಕ್ಕೆ ಇವತ್ತಿಗೂ ಅಷ್ಟೇ ಇರುವುದು, ಒಂದು ತೊಟ್ಟು ಬಿದ್ದದ್ದಿಲ್ಲ. ಒಂದೇ ಕಿಕ್. ಒರಿಜಿನಲ್ ಪೇಂಟ್, ಒರಿಜಿನಲ್ ಸೈಲೆನ್ಸರ್. ಕೊಡ್ತೀರಾ ಅಂತ ಮೊನ್ನೆ ಕೂಡ ಒಬ್ಬರು ಕಾರ್ಕಳದಿಂದ ಹುಡುಕಿಕೊಂಡು ಬಂದಿದ್ದರು.

ಸ್ಪಾನರ್_ಭಟ್ರು · 7:02
ಅಣ್ಣ, ಆರ್‌ಎಕ್ಸ್‌ನಲ್ಲಿ ಪೆಟ್ರೋಲ್ ತನ್ನ ಭಾರಕ್ಕೇ ಕೆಳಗೆ ಇಳಿಯುತ್ತದೆ. ಇಲ್ಲಿ ಟ್ಯಾಂಕ್ ಒಳಗೆ ಪಂಪ್ ಕೂತು ಸುಮಾರು 3 ಬಾರ್‌ನಲ್ಲಿ ತಳ್ಳುತ್ತದೆ. ಕಾರಿನ ಟಯರಿಗೆ ಹಾಕುವ ಗಾಳಿಗಿಂತ ಜಾಸ್ತಿ ಅದು. ಕಾರ್ಬುರೇಟರ್ ಪೈಪ್ ಹಾಕಿದರೆ ಒಂದು ದಿನ ಊದಿ ಕಳಚಿಕೊಳ್ಳುತ್ತದೆ. ಪೈಪ್ ಬದಲಿಸುವುದೇ ಆದರೆ ಇಂಜೆಕ್ಷನ್‌ಗೆ ಅಂತಲೇ ಬರುವ ಆರ್9 ಗುರುತಿನ ಪೈಪ್ ಬೇಕು. ಕ್ಲಿಪ್ ಕೂಡ ಅದಕ್ಕೆ ಅಂತಲೇ ಬರುವಂಥದ್ದು. ಸ್ಕ್ರೂ ಕ್ಲಿಪ್ ರಬ್ಬರನ್ನು ಕತ್ತರಿಸುತ್ತದೆ.

ಆರ್‌ಎಕ್ಸ್_ಅಣ್ಣ · 7:20
ಅದಕ್ಕೇ ನಾನು ಇಂಜೆಕ್ಷನ್ ಗಾಡಿ ತಗೊಳ್ಳದೇ ಇರುವುದು.

ಆಗುಂಬೆ_14 · 9:45
ನಾನು ಮೆಟಲ್ ಕನೆಕ್ಟರ್ ಹಾಕಿಸಿದ್ದೇನೆ, ಒಳಗೆ ವಾಲ್ವ್ ಇರುವಂಥದ್ದು. ಕಳಚಿದ ಕೂಡಲೇ ಎರಡೂ ಕಡೆ ತಾನಾಗಿ ಬಂದ್ ಆಗುತ್ತದೆ, ಕೈಗೆ ಪೆಟ್ರೋಲ್ ತಾಗುವುದೇ ಇಲ್ಲ. 30 ಸಾವಿರ ಕಿಮೀ ಆಯ್ತು. ಆಗುಂಬೆಯ 14 ತಿರುವು, ಚಾರ್ಮಾಡಿ, ಶಿರಾಡಿ, ಎಲ್ಲ ಮಳೆಗಾಲದಲ್ಲೇ ಹೊಡೆದದ್ದು. ಜೊತೆಗೆ ಕ್ರ್ಯಾಶ್ ಗಾರ್ಡ್, ಫಾಗ್ ಲೈಟ್, ಪೆಟ್ಟಿಗೆ ಮೂರು. ಫೋಟೋ ಬೇಕಾದರೆ ಹಾಕ್ತೇನೆ.

ಬೋಳಾರದವ · 9:50
ಬೇಡ.

ಕಾಪು_ಸವಾರ · 11:05
ಭಟ್ರೇ, ಕೀ ಆನ್ ಮಾಡಿದಾಗ ಪಂಪ್ ಎರಡು ಮೂರು ಸೆಕೆಂಡು ಗುಂಯ್ ಅನ್ನುತ್ತದಲ್ವಾ, ಆಗ ಒಂದು ತೊಟ್ಟು ಮೂಡುತ್ತದೆ. ಟ್ಯಾಂಕ್ ಕಡೆಯ ತುದಿ.

ಕಳೆದ ಶನಿವಾರ ಏರ್ ಫಿಲ್ಟರ್ ತೆಗೆಯಲಿಕ್ಕೆ ಅಂತ ನಾನೇ ಟ್ಯಾಂಕ್ ಎತ್ತಿದ್ದೆ. ಕನೆಕ್ಟರ್ ಬರಲೇ ಇಲ್ಲ. ನೋಸ್ ಪ್ಲೈಯರ್ ಹಾಕಿ ಎಳೆದೆ. ಆಗ ಒಳಗಿನ ರಿಂಗ್ ತುಂಡಾಯ್ತು. ಅಲ್ಲೇ ಪೇಟೆಯಲ್ಲಿ ಪೈಪ್ ಅಂಗಡಿಗೆ ಹೋಗಿ ಅದೇ ಅಳತೆಯ ರಿಂಗ್ ತಂದು ಹಾಕಿದೆ. ಎರಡು ದಿನ ಸರಿ ಇತ್ತು.

ಬೋಳಾರದವ · 11:07
ಯಾವ ಪೈಪ್ ಅಂಗಡಿ?

ಕಾಪು_ಸವಾರ · 11:12
ನಳ್ಳಿ, ಶವರ್ ಎಲ್ಲ ಮಾರುವಂಥದ್ದು.

ಸ್ಪಾನರ್_ಭಟ್ರು · 11:40
ಇದನ್ನು ನಿನ್ನೆ ರಾತ್ರಿಯೇ ಹೇಳಿದ್ದರೆ ನಾವು ಆರ್‌ಎಕ್ಸ್ ಪುರಾಣ ಕೇಳಬೇಕಿರಲಿಲ್ಲ.

ನೀರಿನ ಕೆಲಸಕ್ಕೆ ಬರುವ ರಿಂಗ್ ತುಂಬಾ ಇಪಿಡಿಎಂ ರಬ್ಬರಿನದ್ದು. ಬಿಸಿನೀರಿಗೆ ಒಳ್ಳೆಯದು, ಪೆಟ್ರೋಲ್ ತಾಗಿದರೆ ನೆನೆಸಿದ ಕಡಲೆಯ ಹಾಗೆ ಊದುತ್ತದೆ. ಎರಡು ದಿನ ಸರಿ ಇದ್ದು ಆಮೇಲೆ ಒಸರಲಿಕ್ಕೆ ಸುರುವಾದದ್ದು ಅದಕ್ಕೇ. ನಿಮಗೆ ಬೇಕಾದದ್ದು ವಿಟಾನ್, ಎಫ್‌ಕೆಎಂ ಅಂತಲೂ ಹೇಳ್ತಾರೆ. ಬೈಕಂಪಾಡಿ ಕಡೆ ಹೈಡ್ರಾಲಿಕ್ ಸೀಲ್ ಮಾರುವವರಲ್ಲಿ ಕೇಳಿ ನೋಡಿ, ಇಲ್ಲದಿದ್ದರೆ ಮಲ್ಪೆಯ ಬೋಟ್ ಇಂಜಿನ್ ಸ್ಪೇರ್ ಅಂಗಡಿ. ಕಣ್ಣಂದಾಜು ಬೇಡ, ಟ್ಯಾಂಕಿನ ಮೂತಿಯನ್ನು, ಅಂದರೆ ಕನೆಕ್ಟರ್ ಕೂರುವ ಕೊಳವೆಯನ್ನು, ವರ್ನಿಯರ್‌ನಲ್ಲಿ ಅಳೆಯಿರಿ. ಜಾಸ್ತಿ ಕಾಣುವುದು 7.89 ಮಿಮೀ, ಸಣ್ಣದು 6.30.

ತೆಗೆಯುವ ಕ್ರಮ ಹೇಳ್ತೇನೆ, ಪ್ಲೈಯರ್ ಮನೆಯಲ್ಲೇ ಇಡಿ. ಪಂಪಿನ ಫ್ಯೂಸ್ ಕಿತ್ತು ಇಂಜಿನ್ ಸ್ಟಾರ್ಟ್ ಮಾಡಿ, ತಾನಾಗಿ ನಿಲ್ಲಲಿ. ಇನ್ನೆರಡು ಸಲ ಸೆಲ್ಫ್ ಒತ್ತಿದರೆ ಪೈಪಿನ ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ಮೈನಸ್ ಕಳಚಿ. ಕನೆಕ್ಟರ್ ಸುತ್ತ ಕೂತ ಮಣ್ಣು ಬ್ರಷ್‌ನಲ್ಲಿ ಉಜ್ಜಿ, ಯಾಕಂದರೆ ಲಾಕ್ ಒಳಗೆ ಹೊಯಿಗೆ ಸೇರಿದರೇ ಅದು ಬಿಗಿಯುವುದು. ಬಟ್ಟೆ ಸುತ್ತಿ. ಈಗ ಎಳೆಯಬೇಡಿ, ಮೊದಲು ಒಳಗೆ ತಳ್ಳಿ. ತಳ್ಳಿದಾಗ ಹಲ್ಲು ಸಡಿಲ ಆಗುತ್ತದೆ. ಹಾಗೇ ಎರಡೂ ಬದಿಯ ಕಿವಿ ಒತ್ತಿ ಎಳೆದರೆ ಬೆಣ್ಣೆಯ ಹಾಗೆ ಬರುತ್ತದೆ.

ಬಂದ ಮೇಲೆ ಟ್ಯಾಂಕಿನ ಮೂತಿಯ ಮೇಲೆ ಉಗುರು ಓಡಿಸಿ. ಪ್ಲೈಯರ್ ಗೀರು ಇದ್ದರೆ ಉಗುರಿಗೆ ಸಿಗುತ್ತದೆ. ಉದ್ದಕ್ಕೆ ಗೀರು ಇದ್ದರೆ ಯಾವ ರಿಂಗ್ ಹಾಕಿದರೂ ಒಸರುವುದೇ. ನಮ್ಮ ಕಡಲ ಬದಿಯ ಗಾಳಿಗೆ ಕಬ್ಬಿಣದ ಮೂತಿ ತುಕ್ಕು ಹಿಡಿದು ಚುಕ್ಕಿ ಚುಕ್ಕಿ ಆಗುವುದೂ ಉಂಟು, ಅದನ್ನೂ ನೋಡಿ.

ಇ20_ಬೇಡಪ್ಪ · 12:15
ಊದಿದ್ದು ಅಂತ ಭಟ್ರೇ ಒಪ್ಪಿದರಲ್ಲ. ಊದಿಸಿದ್ದು ಯಾರು? ಎಥನಾಲ್.

ಸ್ಪಾನರ್_ಭಟ್ರು · 12:22
ಎಥನಾಲ್ ಒಂದು ತೊಟ್ಟೂ ಇಲ್ಲದ ಪೆಟ್ರೋಲಲ್ಲಿ ಹಾಕಿದರೂ ಇಪಿಡಿಎಂ ಊದುತ್ತದೆ. ಇ20ಯಿಂದ ಹಳೇ ಗಾಡಿಗಳ ಕೆಲವು ರಬ್ಬರಿಗೆ ತೊಂದರೆ ಆಗಬಹುದು, ಇಲ್ಲ ಅನ್ನುವುದಿಲ್ಲ. ಇಲ್ಲಿ ತಪ್ಪು ಶವರ್ ರಿಂಗಿನದ್ದು.

ಇ20_ಬೇಡಪ್ಪ · 12:30
ಹಾಗಾದರೆ ನನ್ನ ಭಾವನ ಸ್ಕೂಟರ್?

ನಿರ್ವಾಹಕ · 12:48
ಇ20 ಚರ್ಚೆಯ 11 ಉತ್ತರಗಳನ್ನು ಬೇರೆ ಎಳೆಗೆ ಹಾಕಿದ್ದೇನೆ. ಭಾವನ ಸ್ಕೂಟರ್ ಕೂಡ ಅಲ್ಲಿಗೇ.

ಕಾಪು_ಸವಾರ · ಭಾನುವಾರ ಸಂಜೆ 6:30
ವಿಟಾನ್ ರಿಂಗ್ ಮಲ್ಪೆಯಲ್ಲಿ ಸಿಕ್ಕಿತು, ಕಂದು ಬಣ್ಣದ್ದು. ಶವರ್ ರಿಂಗ್ ಹೊರಗೆ ತೆಗೆದರೆ ಮೆತ್ತಗೆ ಹಪ್ಪಳದ ಹಿಟ್ಟಿನ ಹಾಗೆ, ವಾಪಸ್ ಅದರ ಜಾಗದಲ್ಲಿ ಕೂರಿಸಲಿಕ್ಕೇ ಆಗಲಿಲ್ಲ. ಮೂತಿಯಲ್ಲಿ ಗೀರು ಇಲ್ಲ, ಪುಣ್ಯ. ಭಟ್ರು ಹೇಳಿದ ಹಾಗೆ ತಳ್ಳಿ ಒತ್ತಿದೆ, ಬಂತು.

ಆದರೆ ಹೊಸ ರಿಂಗ್ ಹಾಕಿ ಕೀ ಆನ್ ಮಾಡಿದರೆ ಮತ್ತೆ ಒಂದು ತೊಟ್ಟು! ಅಳು ಬಂತು.

ಸ್ಪಾನರ್_ಭಟ್ರು · 6:41
ಕ್ಲಿಕ್ ಕೇಳಿತಾ?

ಕಾಪು_ಸವಾರ · 6:44
ನಾನು ಕೂತದ್ದು ತಗಡು ಶೀಟಿನ ಕೆಳಗೆ. ಮಳೆ ಹೊಡೆಯುತ್ತಿದೆ. ಪಕ್ಕದಲ್ಲಿ ನಿಂತ ಅಪ್ಪ ಬೈದದ್ದೇ ಕೇಳಲಿಲ್ಲ, ಕ್ಲಿಕ್ ಎಂತ ಕೇಳುವುದು?

ಸ್ಪಾನರ್_ಭಟ್ರು · 6:50
ಹಾಗಾದರೆ ಕಿವಿ ನಂಬಬೇಡಿ. ರಿಂಗಿಗೆ ಒಂದು ತೊಟ್ಟು ಇಂಜಿನ್ ಆಯಿಲ್ ಸವರಿ, ನೇರ ತಳ್ಳಿ. ಬೆರಳಿಗೆ ಟಕ್ ಅಂತ ಗೊತ್ತಾಗುತ್ತದೆ. ಆಮೇಲೆ ಎರಡು ಕೈಯಲ್ಲಿ ಹಿಂದಕ್ಕೆ ಎಳೆದು ನೋಡಿ. ಜಾರಿದರೆ ಲಾಕ್ ಬಿದ್ದಿಲ್ಲ.

ಕಾಪು_ಸವಾರ · 7:35
ಎಳೆದಾಗ ಒಂದು ಬದಿ ಜಾರಿತು. ಟಾರ್ಚ್ ಹಾಕಿ ನೋಡಿದರೆ ಲಾಕಿನ ಒಂದು ಹಲ್ಲಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಪ್ಲೈಯರ್ ಗುರುತು ಅಲ್ಲೇ ಉಂಟು. ಲಾಕ್ ಮಾತ್ರ ಸಿಗುತ್ತದಾ?

ಸ್ಪಾನರ್_ಭಟ್ರು · 7:42
ಕೆಲವು ಗಾಡಿಗೆ ಸಿಗುತ್ತದೆ. ನಿಮ್ಮದು ಯಾವ ಗಾಡಿ ಅಂತ ಇನ್ನೂ ಹೇಳಿಲ್ಲ.

ಆಗುಂಬೆ_14 · 7:50
ನಾನು ಆಗಲೇ ಹೇಳಿದೆ, ಮೆಟಲ್ ಹಾಕಿಸಿ ಅಂತ.

ಕಾಪು_ಸವಾರ · ಮಂಗಳವಾರ ರಾತ್ರಿ 8:20
ಇಡೀ ಸೆಟ್‌ಗೇ ಆರ್ಡರ್ ಕೊಟ್ಟೆ, ಬರಲಿಕ್ಕೆ ನಾಲ್ಕು ದಿನವಂತೆ. ಅಲ್ಲಿಯವರೆಗೆ ಬಸ್ಸು. ಅದರಲ್ಲಿ ರಿಂಗ್ ಒಳಗೇ ಹಾಕಿ ಬರುತ್ತದಂತೆ, ಮಲ್ಪೆಯಿಂದ ತಂದದ್ದು ದಂಡ.

ಇ20_ಬೇಡಪ್ಪ · 8:26
ಆ ಊದಿದ ರಿಂಗ್ ಬಿಸಾಡಬೇಡಿ. ನನಗೆ ಬೇಕು. ಕಾಪುವಿಗೇ ಬರ್ತೇನೆ.

ಕಾಪು_ಸವಾರ · 8:31
ಕಿಟಕಿ ಮೇಲೆ ಇಟ್ಟಿದ್ದೆ. ಎರಡೇ ದಿನಕ್ಕೆ ಪೆಟ್ರೋಲ್ ಆರಿ ಮತ್ತೆ ಸಣ್ಣ ಆಗಿದೆ. ಈಗ ನೋಡಿದರೆ ಹೊಸತರ ಹಾಗೇ ಕಾಣುತ್ತದೆ.